ಸಿಡಿಯದ ಕಲ್ಲು

ನೆಂಟರು ಬರುವ ಹಿಂದಿನ ದಿನ ಹಾಂಗಿಯ ಕಲ್ಲು ಸಿಡಿದರೆ ಅಡುಗೆಮನೆ ಯಜಮಾನಿಯ ತಲೆಯೂ ಸಿಡಿಯುತ್ತದೆ. ನನ್ನದು ಸಿಡಿಯಿತು. ನನ್ನ ತಮ್ಮ ಹಾಯಿಮೋನ ಗುಂಡಿಯಲ್ಲಿ ಬೆಂಕಿ ಹಾಕಿ ಕಲ್ಲು ಕಾಯಿಸಿ ನೋಡುತ್ತಿದ್ದ. ಅವು ಪಟ್ ಪಟ್ ಎಂದು ಒಡೆದು ಚೂರು ಚೂರಾಗಿ ಹಾರತೊಡಗಿದವು. ಆಲೂಗಡ್ಡೆ ಹೆರೆಯುತ್ತಿದ್ದ ಚಾಕು ಹಿಡಿದೇ ನಾನು ಹೊರಗೆ ಓಡಿದೆ.

"ಹೊಳೆ ಕಲ್ಲು ತರಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನೋ ನಿಂಗೆ?"

"ಹಳೇವೆಲ್ಲ ಪುಡಿಯಾಗಿದಾವಲ್ಲ ಅಕ್ಕ. ಈ ಕೊಲ್ಲೀಲಿ ಬೇರೆ ಕಲ್ಲು ಎಲ್ಲಿಂದ ತರ್ಲಿ?"

ನೆಲದಲ್ಲಿ ಗುಂಡಿ ತೋಡಿ, ಕಾದ ಕಲ್ಲಿನ ಮೇಲೆ ಮಾಂಸ, ಗೆಣಸು, ಕುಂಬಳಕಾಯಿ ಇಟ್ಟು, ಮಣ್ಣು ಮುಚ್ಚಿ ಬೇಯಿಸುವ ಹಾಂಗಿ ಅಡುಗೆಯಲ್ಲಿ ಈ ಕರಾವಳಿಯಲ್ಲೇ ಹಾಯಿಮೋನನನ್ನು ಮೀರಿಸಿದವರಿಲ್ಲ. ಅವನಿಗಿರುವ ಹೆಸರು ಅದೊಂದೇ. ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಚಿಕ್ಕಂದಿನಿಂದ ನಾನೇ ಆಡಿದ್ದೇನೆ.

ಮಾರನೆಯ ದಿನ ನಮ್ಮ ಮರಾಯೆಯ, ನಮ್ಮ ಕುಲದ ಸಭಾಮನೆಯ, ಅಂಗಳಕ್ಕೆ ಬರುವವರು ಹೊಳೆಯಾಚೆಯವರು. ಬೇರೆ ಯಾರಿಗಾದರೂ ಅರೆಬೆಂದದ್ದು ಬಡಿಸಿ ಕೈಮುಗಿದೇನು, ಅವರಿಗಲ್ಲ. ಗುಡ್ಡ ಮತ್ತು ಸಮುದ್ರದ ನಡುವಿನ ಬಯಲಿನಲ್ಲಿ ಉದ್ದುದ್ದಕ್ಕೆ ಕಲ್ಲಿನ ಸಾಲುಗಳಿವೆ. ಯಾರೋ ಹಿಂದಿನವರು ಗೆಣಸಿನ ತೋಟಕ್ಕೆ ನೆಲ ಹಸನು ಮಾಡಿ ಕಟ್ಟಿದ ಸಾಲು. ಅದನ್ನು ಕಟ್ಟಿದ್ದು ನಮ್ಮ ಮೂಲಪುರುಷ ಎಂದು ನಾವು, ತಮ್ಮವನು ಎಂದು ಅವರು, ಅಜ್ಜಂದಿರ ಕಾಲದಿಂದ ಕಿತ್ತಾಡುತ್ತಿದ್ದೇವೆ. ಅವರನ್ನು ನಾವು ಚಿಪ್ಪು ಹೆಕ್ಕುವವರು ಎನ್ನುತ್ತೇವೆ. ಆಮೇಲೆ ಬಂದು, ನಮ್ಮ ದಡದಲ್ಲಿ ಚಿಪ್ಪುಮೀನು ಆರಿಸಿ ತಿಂದು ಬದುಕಿದವರು ಅಂತ. ಹೆಚ್ಚಾಗಿ ಅನ್ನುವವಳು ನಾನೇ.

ಹಾಯಿಮೋನನ ಮಗಳು ಅರಿಹಿಯಾ ಹಳೆಯ ನೆಲ ಅಗೆದು ಓದುವ ವಿದ್ಯೆ ಕಲಿತು ಬಂದಿದ್ದಳು. ಆ ಬಯಲನ್ನು ಅಗೆಯಬೇಕು ಎಂದಳು. ಎರಡೂ ಕಡೆಯವರು ಒಪ್ಪದೆ ಅದು ಆಗುವ ಕೆಲಸವಲ್ಲ. ಹೊಳೆಯಾಚೆಯ ಹಿರಿಯ ಟೀಮೋತಿ ಒಂದೇ ಷರತ್ತು ಹಾಕಿದ: ಸತ್ತವರು ಸಿಕ್ಕರೆ ಅಲುಗಿಸಕೂಡದು. ನಾವೂ ಹ್ಞೂಂ ಎಂದೆವು. ಅದಕ್ಕೇ ಮಾರನೆಯ ದಿನದ ಊಟ.

"ಆ ಸಾಲಿನ ಗುಡ್ಡದ ಕಡೆ ತುದೀಲಿ, ಮುಳ್ಳಿನ ಹಿಂದೆ, ಒಂದು ಕರೀಕಲ್ಲಿನ ಗುಪ್ಪೆ ಇದೆಯಲ್ಲ," ಎಂದೆ. "ಅದರಲ್ಲಿ ತಗೊಂಡು ಬಾ. ಭಾರದ ಕಲ್ಲು, ಸಿಡಿಯಲ್ಲ."

ಹಾಯಿಮೋನ ತಲೆ ಕೆರೆದುಕೊಂಡ. "ಅಲ್ಲಿ ಯಾವುದನ್ನೂ ಮುಟ್ಟಬೇಡಿ ಅಂತ ಹುಡುಗಿ ಹೇಳಿದಾಳೆ ಅಕ್ಕ."

"ತೋಟ ಹಸನು ಮಾಡಿದಾಗ ಎತ್ತಿ ಬಿಸಾಕಿದ ಕಲ್ಲು ಕಣೋ ಅದು. ಅಲ್ಲೇನು ನಮ್ಮಜ್ಜಿನ ಹೂತಿದಾರಾ? ಹೋಗೋ ಸುಮ್ನೆ!"

ಅವನು ನಕ್ಕ. ನಾನೂ ನಕ್ಕೆ. ಜೀಪಿಗೆ ಟ್ರೇಲರ್ ಸಿಕ್ಕಿಸಿಕೊಂಡು ಹೋಗಿ, ಒಂದು ಹೊರೆ ತಂದು ಸುರಿದ.

ಮಾರನೆಯ ದಿನ ನಾನು ಅಂಗಳದಲ್ಲೂ ಗೆದ್ದೆ, ಅಡುಗೆಯಲ್ಲೂ ಗೆದ್ದೆ. ನಮ್ಮಲ್ಲಿ ಅಂಗಳದ ಭಾಷಣ ಗಂಡಸರದು. ಭಾಷಣದ ಬೆನ್ನಿಗೆ ಒಂದು ಹಾಡು ಬೇಕು, ಹಾಡು ಶುರುವಾಯಿತೆಂದರೆ ಭಾಷಣ ಮುಗಿಯಿತು. ಯಾವನಾದರೂ ಅತಿಯಾಗಿ ಕೊರೆದರೆ ಅವನ ಕಡೆಯ ಹೆಂಗಸರೇ ಎದ್ದು ಹಾಡಿ ಕೂರಿಸುತ್ತಾರೆ. ಆಚೆ ಕಡೆಯವನಿಗೆ ಹಾಗೆ ಮಾಡಿದರೆ ಕೆನ್ನೆಗೆ ಹೊಡೆದ ಹಾಗೆ. ಟೀಮೋತಿ ಕೋಲೂರಿಕೊಂಡು ನಿಂತು, ಕಲ್ಲಿನ ಸಾಲು ಕಟ್ಟಿದ ತನ್ನ ಮೂಲಪುರುಷನ ಹೆಸರೆತ್ತಿದನೋ ಇಲ್ಲವೋ, ನಾನು ಎದ್ದು ಹಾಡು ಎತ್ತಿಬಿಟ್ಟೆ. ಅದು ತೊಟ್ಟಿಲ ಹಾಡು. ಅಳಬೇಡ ಮಗುವೇ, ಈ ಬಯಲಿನ ಗೆಣಸು ನಿನ್ನದು, ಈ ಬಂಡೆಯ ಮೀನು ನಿನ್ನದು ಎಂದು ಮಗುವಿಗೆ ಇಡೀ ಕೊಲ್ಲಿಯನ್ನು ಹೆಸರು ಹೇಳಿ ಒಪ್ಪಿಸುವ ಹಾಡು. ನಮ್ಮ ಹೆಂಗಸರು ನನ್ನ ಹಿಂದೆ ನಿಂತು ದನಿಗೂಡಿಸಿದರು. ಟೀಮೋತಿ ಬಾಯಿ ತೆರೆದವನು ಹಾಗೇ ಕೂತ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವನ ತಂಗಿ ಕರರೈನಾ, ನನ್ನ ವಯಸ್ಸಿನವಳು, ನನ್ನನ್ನೇ ದುರುಗುಟ್ಟಿ ನೋಡಿದಳು.

ಊಟಕ್ಕೆ ಮಾತ್ರ ಅವಳೂ ಸೋತಳು. ಒಂದೇ ಒಂದು ಕಲ್ಲು ಸಿಡಿದಿರಲಿಲ್ಲ. ಹಂದಿಮಾಂಸ ಎಲುಬಿನಿಂದ ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ಟೀಮೋತಿ ಎರಡನೆಯ ಸಲ ಹಾಕಿಸಿಕೊಂಡ.

"ಎಲ್ಲ ಚೆನ್ನಾಗಿ ಬೆಂದಿದೆ ಪಾಯಿಯಾ," ಎಂದಳು ಕರರೈನಾ. "ನಿನ್ನ ನಾಲಿಗೆ ಒಂದು ಬೇಯ್ಲಿಲ್ಲ."

"ಗೆಣಸು ಇನ್ನೊಂದು ಹಾಕ್ಕೋ. ನಮ್ಮ ಸಾಲಿಂದು," ಎಂದೆ ನಾನು.

ಆಮೇಲೆ ಅಗೆತ ಶುರುವಾಯಿತು. ನಾನು ದಿನಾ ಚಹಾ ಹೊತ್ತುಕೊಂಡು ಹೋಗುತ್ತಿದ್ದೆ, ಆದರೆ ಬಯಲಿಗೆ ಹಾಕಿದ್ದ ಬೇಲಿಯ ಹೊರಗೇ ಇಡುತ್ತಿದ್ದೆ. ಹಳಬರ ನೆಲದ ಮೇಲೆ ಕೂತು ತಿನ್ನುವುದು, ಕುಡಿಯುವುದು ನಮ್ಮಲ್ಲಿಲ್ಲ. ಸಾವಿಗೂ ಒಲೆಗೂ ಸೇರುವುದೇ ಇಲ್ಲ. ಮಣ್ಣು ಮಾಡಿ ಬಂದವರು ಕೈಗೆ ನೀರು ಹಾಕಿಕೊಳ್ಳದೆ ಅಡುಗೆಮನೆಯ ಹೊಸಿಲು ತುಳಿಯುವುದಿಲ್ಲ. ಸತ್ತವರ ವಸ್ತುವಿಗೆ ಅಡುಗೆ ತಾಗಿತೆಂದರೆ ಅದಕ್ಕಿಂತ ದೊಡ್ಡ ಅವಮಾನ ಅವರಿಗಿಲ್ಲ, ಅದಕ್ಕಿಂತ ದೊಡ್ಡ ಮೈಲಿಗೆ ನಮಗಿಲ್ಲ. ಹಳಬರ ಜಗಳದಲ್ಲಿ ಸೇಡು ತೀರಿಸಿಕೊಳ್ಳಲೆಂದೇ ಹಾಗೆ ಮಾಡುತ್ತಿದ್ದರಂತೆ.

ಅರಿಹಿಯಾ ಗುಂಡಿಯ ಗೋಡೆಯನ್ನು ಬೆರಳಿನಲ್ಲಿ ತೋರಿಸುತ್ತಿದ್ದಳು. "ಕೆಳಗಿನ ಪದರ ನೋಡಿ ಅತ್ತೆ. ಸೀಲ್ ಎಲುಬು, ಆಳೆತ್ತರದ ಮೋವಾ ಹಕ್ಕಿ ಎಲುಬು, ಅಂಗೈ ಅಗಲದ ಚಿಪ್ಪು. ಮೊದಲು ಬಂದೋರು ಹೊಟ್ಟೆ ತುಂಬ ತಿಂದಿದಾರೆ."

"ನಮ್ಮೋರಲ್ವೇನೇ? ಬಿಡ್ತಾರಾ?"

"ಹಾಗೇ ಮೇಲಕ್ಕೆ ಬನ್ನಿ. ಚಿಪ್ಪು ಉಗುರಿನಷ್ಟಾಯ್ತು. ಮೋವಾ ಮುಗೀತು, ಇಲಿ ಎಲುಬು ಬಂತು. ಈ ಮಸಿ ನೋಡಿ, ತೋಟಕ್ಕೆ ಅಂತ ಗುಡ್ಡದ ಕಾಡು ಸುಟ್ಟಿದ್ದು. ಮರ ಇಲ್ದೆ ಗುಡ್ಡದ ಮಣ್ಣೆಲ್ಲ ಜಾರಿ ಬಂತು. ತೋಟನೂ ಮುಚ್ತು, ಸಮುದ್ರದ ಚಿಪ್ಪೂ ಹೂತ್ಕೊಂತು. ಅದರ ಮೇಲೆ ಚಳಿನೂ ಜಾಸ್ತಿ ಆಯ್ತು. ಇದರ ಮೇಲಿನ ಪದರದಲ್ಲಿ ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ?"

"ಬಿಟ್ಟು ಹೋದ್ರು. ಎಷ್ಟೋ ತಲೆಮಾರು ಇಲ್ಲಿ ಯಾರೂ ಇರ್ಲಿಲ್ಲ ಅತ್ತೆ. ನಾವೂ ಅವರೂ ಇಬ್ಬರೂ ಆಮೇಲೆ ಬಂದೋರು."

ನನಗೆ ಮೈ ಉರಿದುಹೋಯಿತು. "ಹಾಗಾದ್ರೆ ಸಾಲು ಕಟ್ಟಿದ್ದು ಯಾರೇ?"

"ಇಬ್ಬರಿಗೂ ಹಿಂದಿನೋರು. ನಮಗೂ ಏನೋ ಆಗ್ಬೇಕು, ಅವರಿಗೂ ಏನೋ ಆಗ್ಬೇಕು. ಇಷ್ಟೇ ಹೇಳ್ಬಹುದು."

"ಇದನ್ನ ಆಚೆಯವರಿಗೆ ಹೇಳೋಕೆ ಹೋಗ್ಬೇಡ," ಎಂದೆ. ಹುಡುಗಿ ನನ್ನ ಮುಖ ನೋಡಿ, ಮತ್ತೆ ಕರಣೆ ಹಿಡಿದಳು. ಇಡೀ ಆಯುಷ್ಯ ಜಂಬ ಕೊಚ್ಚಿದ್ದು ಯಾರದೋ ಬೆವರಿನ ಮೇಲೆ ಎಂದು ಆ ಸಂಜೆ ಮೊದಲ ಸಲ ನಾಚಿಕೆಯಾಯಿತು. ಅದು ನಾಚಿಕೆಯ ಬರೀ ರುಚಿ ನೋಡಿದ್ದು ಎಂದು ಆಮೇಲೆ ಗೊತ್ತಾಯಿತು.

ಒಂದು ವಾರ ಜೋರು ಮಳೆ ಹೊಡೆಯಿತು. ಮಳೆ ನಿಂತ ಬೆಳಿಗ್ಗೆ ನಾನು ಚಹಾ ಹಿಡಿದು ಹೋದರೆ ಅರಿಹಿಯಾ ಗುಂಡಿಯ ಹತ್ತಿರ ಇರಲಿಲ್ಲ. ಗುಡ್ಡದ ಕಡೆ ತುದಿಯಲ್ಲಿ, ಮುಳ್ಳಿನ ಹಿಂದೆ, ಮಂಡಿಯೂರಿ ಕೂತಿದ್ದಳು. ತನ್ನ ಮಳೆಕೋಟು ಬಿಚ್ಚಿ ನೆಲಕ್ಕೆ ಹೊದಿಸಿದ್ದಳು. ಅಳುತ್ತಿದ್ದಳು.

"ಮಗು ಅತ್ತೆ. ನಾಲ್ಕೈದು ವರ್ಷದ್ದಿರ್ಬೇಕು. ಮೇಲಿನ ಕಲ್ಲು ಯಾರೋ ಕಿತ್ತಿದಾರೆ, ಮಳೆ ನೀರು ಮಣ್ಣು ಕೊಚ್ಚಿದೆ. ದವಡೆ ಕಾಣ್ತಿದೆ."

ನನ್ನ ಕೈಯಲ್ಲಿದ್ದ ಚಹಾದ ಡಬ್ಬಿ ಎಲ್ಲಿಡಬೇಕೋ ತಿಳಿಯಲಿಲ್ಲ. ಬೇಲಿಯ ಒಳಗೆ ಅದನ್ನು ತಂದಿದ್ದೇನೆ ಎಂಬುದೂ ಆಗಲೇ ಹೊಳೆದದ್ದು.

"ಹಲ್ಲಿನ ಮೇಲೆಲ್ಲ ಗೆರೆ," ಎಂದಳು ಹುಡುಗಿ. "ಬೆಳೆಯೋ ವಯಸ್ಸಲ್ಲಿ ಹೊಟ್ಟೆಗಿಲ್ದೆ ನರಳಿದ್ರೆ ಹಾಗೆ ಬರುತ್ತೆ. ಒಂದು ಗೆರೆ ಅಲ್ಲ ಅತ್ತೆ. ಈ ಮಗು ಹಸಿವಿನಲ್ಲೇ ಬೆಳೆದು ಹಸಿವಿನಲ್ಲೇ ಹೋಗಿದೆ. ಈ ಕಲ್ಲು ಬೇರೆ ನಮ್ಮ ಕೊಲ್ಲೀದಲ್ಲ. ಜಲಸಂಧಿ ಆಚೆಯಿಂದ ದೋಣೀಲಿ ತಂದಿರೋದು. ಬೆಂಕಿಗೆ ಸಿಡಿಯದ ಕಲ್ಲು ಅಂದ್ರೆ ಆವಾಗ ಆಸ್ತಿ. ಊರು ಬಿಡುವಾಗ ಹೊತ್ಕೊಂಡು ಹೋಗ್ಬಹುದಿತ್ತು. ಮಗೂಗೆ ಹೊದಿಸಿ ಹೋಗಿದಾರೆ." ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಯಾರು ಕಿತ್ತಿದ್ದು ಇದನ್ನ?"

ನನ್ನ ಬಾಯಿಂದ ಏನು ಬಂತು ಗೊತ್ತೇ?

"ಆಚೆಯ ಹುಡುಗರ ಬೈಕು ಇಲ್ಲೇ ಹಾರಾಡ್ತಿರುತ್ತೆ," ಎಂದೆ. "ಅವರೇ ಇರ್ಬೇಕು."

ಯೋಚನೆ ಮಾಡಿ ಆಡಿದ್ದಲ್ಲ. ಅಷ್ಟು ವರ್ಷ ಅದೇ ದಿಕ್ಕಿಗೆ ಕಲ್ಲೆಸೆದು ರೂಢಿಯಾದ ಬಾಯಿ, ತಾನಾಗಿ ಎಸೆಯಿತು.

ಅರಿಹಿಯಾ ಪುರಾತತ್ವದ ಆಫೀಸಿಗೆ ಫೋನು ಮಾಡಿ ತಿಳಿಸಿ, ನೆಟ್ಟಗೆ ಟೀಮೋತಿಯ ಮನೆಗೆ ಹೋಗಿ ಬೈಕಿನ ಮಾತನ್ನೂ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಹೊಳೆಯಾಚೆ ಹೊತ್ತಿ ಉರಿಯುತ್ತಿತ್ತು. ನಮ್ಮ ಮಕ್ಕಳ ಮೇಲೆ ಮಸಣ ಕೆದಕಿದ ಅಪವಾದ ಹೊರಿಸಿದ್ದೀರಿ, ನಾಳೆ ನಿಮ್ಮ ಮನೆಗೇ ಬರುತ್ತೇವೆ, ಮುಖಾಮುಖಿ ಆಗಲಿ ಎಂದು ಹೇಳಿ ಕಳಿಸಿದರು.

ಹಾಯಿಮೋನ ಅಡುಗೆಮನೆಯ ಹಿಂಬಾಗಿಲಲ್ಲಿ ಬಂದು ನಿಂತ. ಒಳಗೆ ಕಾಲಿಡಲಿಲ್ಲ. ಆ ಕಲ್ಲುಗಳನ್ನು ಅವನು ಗುಂಡಿಯ ಪಕ್ಕ ಅಚ್ಚುಕಟ್ಟಾಗಿ ಪೇರಿಸಿದ್ದ, ಮುಂದಿನ ಊಟಕ್ಕೆಂದು. ಈಗ ಅವುಗಳ ಮೇಲೆ ಟಾರ್ಪಾಲು ಎಳೆದಿದ್ದ.

"ಅಕ್ಕ, ಆ ಕಲ್ಲು..."

"ಗೊತ್ತು."

"ಟೀಮೋತಿಯಣ್ಣ ಎರಡನೇ ಸಲ ಹಾಕಿಸ್ಕೊಂಡ."

"ಗೊತ್ತು ಅಂದ್ನಲ್ಲ!"

"ಮಕ್ಕಳೂ ತಿಂದಿದಾವೆ. ಹೇಳ್ಬೇಕು ಅಕ್ಕ."

"ಹೇಳಿ? ಸತ್ತ ಮಗೂನ ಕಲ್ಲಿನ ಮೇಲೆ ಬೇಯ್ಸಿ ನೆಂಟರಿಗೆ ಬಡಿಸಿದ್ವಿ ಅಂತ ಹೇಳೋದಾ? ಹಾಗಂದ್ಮೇಲೆ ಈ ಮನೇಲಿ ಒಂದು ಲೋಟ ನೀರು ಕುಡೀತಾರಾ ಯಾರಾದ್ರೂ? ಸುಮ್ನಿರು. ಕಲ್ಲನ್ನ ಸಮುದ್ರಕ್ಕೆ ಹಾಕ್ಬಿಡು, ಮುಗೀತು."

ಹಾಯಿಮೋನ ನನಗೆ ಯಾವತ್ತೂ ಎದುರಾಡಿದವನಲ್ಲ. ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು ಹೊರಟುಹೋದ. ನನಗೆ ಆ ಕೈ ನೋಡಲಾಗಲಿಲ್ಲ. ಕಲ್ಲು ಎತ್ತಿದ್ದು ಅವು, ಎತ್ತಿಸಿದ್ದು ನಾನು.

ಮರುದಿನ ಹೊಳೆಯಾಚೆಯವರು ಬಂದರು. ಮತ್ತೆ ಮಳೆ ಹಿಡಿದಿದ್ದರಿಂದ ಸಭಾಮನೆಯ ಒಳಗೇ ಕೂತೆವು, ಅವರು ಒಂದು ಗೋಡೆಗೆ, ನಾವು ಒಂದು ಗೋಡೆಗೆ. ಟೀಮೋತಿಯ ಮೊಮ್ಮಕ್ಕಳು, ಬೈಕಿನ ಹುಡುಗರು, ಮುಂದೆಯೇ ಕೂತಿದ್ದರು. ಅವರಲ್ಲಿ ಸಣ್ಣವನ ಕಣ್ಣು ಊದಿತ್ತು. ಟೀಮೋತಿ ಎದ್ದು ನಿಂತು ಹೆಚ್ಚು ಮಾತಾಡಲಿಲ್ಲ.

"ಇವರನ್ನ ಬಡಿದು ಕೇಳಿದೀನಿ. ನಾವಲ್ಲ ಅಂತಿದಾರೆ. ಸುಳ್ಳಾದ್ರೆ ಇವರನ್ನ ಮನೆ ಬಿಡಿಸ್ತೀನಿ. ನಿಜ ಆದ್ರೆ, ಇವರ ಮೇಲೆ ಹಾಕಿದವರು ಎದ್ದು ನಿಲ್ಲಿ."

ಹುಡುಗನಿಗೆ ಏಟು ಬಿದ್ದದ್ದು ನನ್ನ ಮಾತಿನಿಂದ. ಆದರೂ ನಾನು ಕೂತೇ ಇದ್ದೆ.

ಎದ್ದವನು ಹಾಯಿಮೋನ. ಆ ಮನೆಯಲ್ಲಿ ಅವನು ನಿಂತು ಮಾತಾಡಿದ್ದನ್ನು ಯಾರೂ ನೋಡಿರಲಿಲ್ಲ.

"ಹುಡುಗರಲ್ಲ. ಕಲ್ಲು ತಂದಿದ್ದು ನಾನು," ಎಂದ. "ಹಾಂಗಿಗೆ ತಂದೆ. ನೀವು ತಿಂದ ಊಟ ಅದರ ಮೇಲೇ ಬೆಂದಿದ್ದು."

ಆಚೆ ಗೋಡೆಯ ಒಬ್ಬ ಹೆಂಗಸು ಕೈಯಿಂದ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಳು. ಜಗುಲಿಯಲ್ಲಿ ಅವಳು ಕಕ್ಕುವ ಸದ್ದು ಎಲ್ಲರಿಗೂ ಕೇಳಿಸಿತು. ಟೀಮೋತಿ ಕೋಲಿನ ಮೇಲೆ ಕೈಯಿಟ್ಟು ಮೆಲ್ಲಗೆ ಕೂತ. ಅರಿಹಿಯಾ ಅಪ್ಪನನ್ನು ನೋಡಿದಳು, ಆಮೇಲೆ ನನ್ನನ್ನು.

"ಯಾರು ತಾ ಅಂದಿದ್ದು?" ಟೀಮೋತಿ ಕೇಳಿದ.

"ಯಾರೂ ಅನ್ಲಿಲ್ಲ. ನನ್ನ ಬುದ್ಧೀನೇ. ಮಗಳು ಬೇಡ ಅಂದಿದ್ಲು, ಕೇಳ್ಲಿಲ್ಲ. ಇನ್ನು ಮೇಲೆ ಯಾರ ಮನೆ ಗುಂಡೀಗೂ ಕೈ ಹಾಕಲ್ಲ ನಾನು. ಯಾರಿಗೂ ಬೇಯ್ಸಿ ಹಾಕೋ ಯೋಗ್ಯತೆ ನಂಗಿಲ್ಲ. ನಾನು..."

ಅವನ ಮಾತು ಮುಗಿಯುವ ಮೊದಲೇ ನಾನು ಎದ್ದುಬಿಟ್ಟೆ. ಅವನನ್ನು ನಿಲ್ಲಿಸಲು ನನಗೆ ಗೊತ್ತಿದ್ದ ದಾರಿ ಒಂದೇ, ತೊಟ್ಟಿಲ ಹಾಡನ್ನೇ ಎತ್ತಿದೆ. ದನಿ ಒಡೆದು ಕೀರಲಾಯಿತು. ನನ್ನ ಹಿಂದೆ ಯಾರೂ ಏಳಲಿಲ್ಲ, ಹಾಡಿನ ಮಧ್ಯೆ ನಾನೊಬ್ಬಳೇ ನಿಂತಿದ್ದೆ. ಹಾಯಿಮೋನ ಮಾತ್ರ ಕಟ್ಟಳೆ ಮೀರದೆ ಬಾಯಿ ಮುಚ್ಚಿ ಕೂತ. ಮೊದಲ ಸಾಲಿಗೇ ಹಾಡು ನಿಂತಿತು.

"ಅವನು ಸುಳ್ಳು ಹೇಳ್ತಿದಾನೆ," ಎಂದೆ. "ಬೇಡ ಅಂದೋನು ಅವನು. ಅಟ್ಟಿದ್ದು ನಾನು. ಅಲ್ಲೇನು ನಮ್ಮಜ್ಜಿನ ಹೂತಿದಾರಾ ಅಂತ ನಗಾಡಿ ಕಳಿಸ್ದೆ. ಗೆದ್ದೆ ಅಂತ ಹಿಗ್ಗಿ ನಿಮಗೆ ಬಡಿಸ್ದೆ. ಮಗು ಕಂಡಾಗ ನಿಮ್ಮ ಹುಡುಗರ ಮೇಲೆ ಹಾಕ್ದೆ. ನೋಡಿರ್ಲಿಲ್ಲ, ಕೇಳಿರ್ಲಿಲ್ಲ, ಸುಮ್ನೆ ಹಾಕ್ದೆ. ನೆನ್ನೆ ಇವನು ಹೇಳೋಣ ಅಂದ, ನಾನು ಬಾಯಿ ಮುಚ್ಚಿಸ್ದೆ." ನಿಲ್ಲಿಸಬೇಕೆಂದರೂ ನಿಲ್ಲಲಿಲ್ಲ. "ಹೊಟ್ಟೆಗಿಲ್ದೆ ಸತ್ತ ಮಗು ಅದು. ಅದರ ಹೊದಿಕೆ ಕಿತ್ತು ಹಬ್ಬದಡುಗೆ ಮಾಡಿದವಳು ನಾನು. ಈ ಗೋಡೆ ಮೇಲೆ ಕೆತ್ತಿರೋ ಹಿರೀರಿಗೆ ಮುಖ ತೋರ್ಸೋಕೂ ನಾಲಾಯಕ್ಕು. ನನ್ನನ್ನ ಈ ಮನೆಯಿಂದ..."

ಆಚೆ ಗೋಡೆಯಲ್ಲಿ ಕರರೈನಾ ಎದ್ದು ನಿಂತಳು.

ಬೈಯುತ್ತಾಳೆ ಎಂದುಕೊಂಡೆ. ಬೈದರೆ ಸಾಕು ಎನ್ನಿಸಿತ್ತು. ಅವಳು ಹಾಡಿದಳು. ನಾನು ಅವಳ ಅಣ್ಣನ ಮೇಲೆ ಎಸೆದ ತೊಟ್ಟಿಲ ಹಾಡೇ, ಈಗ ತಾನೇ ನನ್ನ ಬಾಯಲ್ಲಿ ಮುರಿದುಬಿದ್ದದ್ದೇ. ಆಚೆ ಕಡೆಯವಳಾಗಿ ನನ್ನ ಮಾತಿಗೆ ಅಡ್ಡ ಹಾಡಿದಳು, ಇನ್ನೊಂದು ಅಕ್ಷರ ಆಡದಂತೆ. ಅವರ ಹೆಂಗಸರು ಎದ್ದರು. ಬೈಕಿನ ಹುಡುಗರು ಎದ್ದರು. ಆಮೇಲೆ ನಮ್ಮವರೂ. ಅಳಬೇಡ ಮಗುವೇ, ಈ ಬಯಲಿನ ಗೆಣಸು ನಿನ್ನದು, ಈ ಬಂಡೆಯ ಮೀನು ನಿನ್ನದು. ಅದನ್ನು ಯಾವ ಮಗುವಿಗೆ ಹಾಡುತ್ತಿದ್ದಾರೆ ಎಂದು ಗೊತ್ತಿಲ್ಲದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅಷ್ಟು ವರ್ಷ ಹಾಡಿದ್ದೆ, ಅದು ಯಾರನ್ನೋ ಕೂರಿಸುವ ಹಾಡಲ್ಲ, ಹಸಿದ ಮಗುವನ್ನು ಮಲಗಿಸುವ ಹಾಡು ಎಂದು ನನಗೆ ಹೊಳೆದೇ ಇರಲಿಲ್ಲ.

ಆ ಕಲ್ಲುಗಳನ್ನು ಹಿಂದಕ್ಕೆ ಇಡುವಂತಿರಲಿಲ್ಲ, ಅಡುಗೆ ತಾಗಿದ್ದವು. ಇಟ್ಟುಕೊಳ್ಳುವಂತೆಯೂ ಇರಲಿಲ್ಲ. ಮಳೆ ಬಿಟ್ಟ ಮೇಲೆ ಒಂದು ದಿನ ಟೀಮೋತಿ ಪ್ರಾರ್ಥನೆ ಹೇಳಿದ. ಹಾಯಿಮೋನನೂ ಆ ಹುಡುಗರೂ ದೋಣಿಯಲ್ಲಿ ಒಯ್ದು, ಅವು ಬಂದ ದಿಕ್ಕಿನ ಆಳದ ನೀರಿಗೆ ಬಿಟ್ಟು ಬಂದರು. ಅರಿಹಿಯಾ ಮಗುವಿನ ಮೇಲೆ ಮಣ್ಣು ಮುಚ್ಚಿದಳು. ಅಳೆಯಲಿಲ್ಲ, ಫೋಟೋ ತೆಗೆಯಲಿಲ್ಲ. ಹೊಳೆಯ ಬಾಯಿಂದ ಗುಡ್ಡದ ಬುಡದವರೆಗೆ ಎರಡೂ ಕಡೆಯವರು ಸಾಲಾಗಿ ನಿಂತು ಮಗುವಿಗೆ ಹೊದಿಸಲು ಕೈಯಿಂದ ಕೈಗೆ ಕಲ್ಲು ದಾಟಿಸಿದೆವು, ಬೆಂಕಿಗೆ ಸಿಡಿಯುವ ನಮ್ಮ ಸಾಧಾರಣ ಹೊಳೆಗಲ್ಲು. ನನ್ನ ಪಕ್ಕದಲ್ಲಿ ಕರರೈನಾ ನಿಂತಿದ್ದಳು. ಕಲ್ಲು ಕೊಡುವಾಗೆಲ್ಲ ಅವಳ ಬೆರಳು ನನಗೆ ತಾಗುತ್ತಿತ್ತು.

ಕೆಲಸ ಮುಗಿದು ಗೇಟಿನ ಹತ್ತಿರ ಕೈಗೆ ನೀರು ಹಾಕಿಕೊಳ್ಳುವಾಗ ನನ್ನ ಜೀವ ಹಿಡಿಯಷ್ಟಾಯಿತು. ನೆಂಟರು ಮನೆಯಲ್ಲಿದ್ದಾರೆ, ನನ್ನ ಅಡುಗೆ ಇನ್ನು ಯಾರು ಮುಟ್ಟುತ್ತಾರೆಂದು ಹೊತ್ತಿಸದ ಒಲೆ ತಣ್ಣಗಿದೆ. ಹಾಂಗಿಯ ಗುಂಡಿಯನ್ನು ಹಾಯಿಮೋನ ಬೆಳಿಗ್ಗೆಯೇ ಮುಚ್ಚಿದ್ದ. ನಮ್ಮ ಮರಾಯೆಯಲ್ಲಿ ಬಂದವರು ಹಸಿದು ಹೋದದ್ದು ನಾನು ಹುಟ್ಟಿದಾಗಿನಿಂದ ಇಲ್ಲ.

ಆಚೆಯವರು ತಮ್ಮ ಗಾಡಿಗಳಿಂದ ಪಾತ್ರೆ ಇಳಿಸುತ್ತಿದ್ದರು. ಬಕೆಟ್ಟು ತುಂಬ ಬೇಯಿಸಿದ ಚಿಪ್ಪು, ಗೆಣಸು, ಬ್ರೆಡ್ಡು. ನಮ್ಮ ಮನೆಯಲ್ಲಿ, ನಮ್ಮ ಮೇಜಿನ ಮೇಲೆ, ನೆಂಟರು ನಮಗೆ ಬಡಿಸಿದರು. ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಹಾಯಿಮೋನನ ತಟ್ಟೆಗೆ ಟೀಮೋತಿ ತಾನೇ ಹಾಕಿದ. "ಮುಂದಿನ ಸಲ ಕಬ್ಬಿಣದ ತುಂಡು ಕಾಯ್ಸೋ ಮಾರಾಯ. ನಮ್ಮೂರಲ್ಲಿ ಹಳೇ ರೈಲು ಹಳಿ ಬಿದ್ದಿದೆ, ಕಳಿಸ್ತೀನಿ," ಎಂದ. ಹಾಯಿಮೋನ ತಟ್ಟೆಯನ್ನೇ ನೋಡುತ್ತ ತಲೆಯಾಡಿಸಿದ.

ನಾನು ಮೂಲೆಯಲ್ಲಿ ಖಾಲಿ ಕೈಯಲ್ಲಿ ಕೂತಿದ್ದೆ. ಕರರೈನಾ ತಟ್ಟೆ ತಂದು ನನ್ನ ಮಡಿಲಲ್ಲಿಟ್ಟಳು.

"ನಂಗೆ ಬೇಡ ಕಣೇ."

"ತಿನ್ನು."

"ಇವತ್ತೊಂದಿನ ಉಪವಾಸ ಇರ್ತೀನಿ ಬಿಡು. ಅಷ್ಟಾದ್ರೂ ಮಾಡ್ತೀನಿ."

ಅವಳು ಬಗ್ಗಿ, ಯಾರಿಗೂ ಕೇಳಿಸದ ಹಾಗೆ ಹೇಳಿದಳು. "ಹಸಿದು ಸತ್ತ ಮಗು ಮುಂದೆ ಉಪವಾಸ ಮಾಡಿ ತೋರಿಸ್ಬೇಡ, ಪಾಯಿಯಾ. ತಿನ್ನು."

ತಿಂದೆ. ಚಿಪ್ಪಿನಲ್ಲಿ ಸ್ವಲ್ಪ ಮರಳು ಉಳಿದಿತ್ತು, ಅದನ್ನೂ ನುಂಗಿದೆ. ತಟ್ಟೆ ಖಾಲಿಯಾಗುವವರೆಗೂ ಅವಳು ಎದುರಿಗೇ ನಿಂತಿದ್ದಳು.